ಭಕ್ತಿ ಬರಹದಲ್ಲಿ ಆಡಂಬರ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಪೇಟೆಯಲ್ಲಿ ಕರಡು ತಿದ್ದುವ ಕೆಲಸ ನನ್ನದು. ಜಾತ್ರೆಯ ಸ್ಮರಣ ಸಂಚಿಕೆ, ಕ್ಷೇತ್ರ ಮಹಾತ್ಮೆ, ಅಷ್ಟಬಂಧದ ಆಮಂತ್ರಣ, ಪ್ರವಚನದ ಸಾರ ಸಂಗ್ರಹ ಎಲ್ಲ ಬರುತ್ತವೆ. ಘಟ್ಟದ ಮೇಲಿನವರೂ ಬರುತ್ತಾರೆ, ಕುಮಟೆ, ಅಂಕೋಲೆ, ಕಾರವಾರ ಕಡೆಯವರೂ ಬರುತ್ತಾರೆ. ತಿದ್ದುವಾಗ ಅವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ಇಲ್ಲಿ ಉತ್ತರ ಬರೆದಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೇವರ ಬಗ್ಗೆ ಬರೆದದ್ದನ್ನು ಓದುವವರಿಗೆ ದೇವರು ಕಾಣಬೇಕು. ಬರೆದವರು ನಡುವೆ ಅಡ್ಡ ನಿಲ್ಲಬಾರದು. ನಾನು ಹೊಡೆದುಹಾಕುವ ದೊಡ್ಡ ಮಾತುಗಳಲ್ಲಿ ಬಹುಪಾಲು ಹೀಗೆ ಅಡ್ಡ ನಿಂತವೇ.

ಆಡಂಬರದ ಭಾಷೆ ಅಂತ ಯಾವುದಕ್ಕೆ ಹೇಳ್ತೀರಿ?

ಒಂದು ವಾಕ್ಯ ತೋರಿಸಿದರೆ ಬೇಗ ತಿಳಿಯುತ್ತದೆ. ಇದು ಯಾರೋ ಬರೆದದ್ದಲ್ಲ. ಅದೇ ಧಾಟಿಯಲ್ಲಿ ನಾನೇ ಕಟ್ಟಿದ್ದು:

"ಸಕಲ ಚರಾಚರಾತ್ಮಕ ಬ್ರಹ್ಮಾಂಡಕ್ಕೆ ಅಧಿಷ್ಠಾನಭೂತಳಾಗಿ, ಅಖಿಲ ಆಸ್ತಿಕ ಸ್ತೋಮದ ಹೃತ್ಕಮಲಗಳಲ್ಲಿ ವಿರಾಜಮಾನಳಾಗಿರುವ ಶ್ರೀದೇವಿಯ ದಿವ್ಯ ಭವ್ಯ ಸಾನ್ನಿಧ್ಯದ ಅನಿರ್ವಚನೀಯ ಅನುಭೂತಿಯನ್ನು ಅಕ್ಷರಗಳಲ್ಲಿ ಸೆರೆಹಿಡಿಯುವ ಮಹತ್ಕಾರ್ಯಕ್ಕೆ ಈ ಪಾಮರ ಲೇಖನಿಯು ಉದ್ಯುಕ್ತವಾಗಿದೆ."

ಈಗ ಕೇಳಿ. ಇದು ಯಾವ ಊರಿನ ದೇವಿ? ಗೊತ್ತಾಗುವುದಿಲ್ಲ. ಯಾವ ಊರಿನ ಹೆಸರು ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ದೇವಿ ಹೇಗಿದ್ದಾಳೆ? ಹೇಳಿಲ್ಲ. ಕೊನೆಗೆ ಏನು ನಡೆಯುತ್ತಿದೆ ಅಂತ ನೋಡಿದರೆ ಒಬ್ಬರು ಬರೆಯಲು ಶುರು ಮಾಡಿದ್ದಾರೆ, ಅಷ್ಟೇ. ದೇವಿಯಿಂದ ಹೊರಟ ವಾಕ್ಯ ಬರೆದವರ ಲೇಖನಿಗೆ ಬಂದು ನಿಂತಿದೆ. ಬ್ರಹ್ಮಾಂಡ, ಹೃತ್ಕಮಲ, ಅನುಭೂತಿ ಎಲ್ಲವೂ ಆ ಲೇಖನಿಗೆ ಹಾಸಿದ ದಾರಿ.

ಅದೇ ಜಾಗದಲ್ಲಿ ಶಿರಸಿಯ ಮಾರಿಕಾಂಬೆಯ ಬಗ್ಗೆ ಹೀಗೆ ಬರೆಯಬಹುದಲ್ವಾ?

"ನಮ್ಮ ದೇವಿಯದು ಕಟ್ಟಿಗೆಯ ಮೂರ್ತಿ. ಸುಮಾರು 7 ಅಡಿ ಎತ್ತರ, 8 ಕೈ. ಹುಲಿಯ ಮೇಲೆ ಕೂತು ಅಸುರನನ್ನು ಕೊಲ್ಲುತ್ತಿದ್ದಾಳೆ. 2 ವರ್ಷಕ್ಕೊಮ್ಮೆ ಜಾತ್ರೆ. ಆಗ ದೇವಿಗೆ ಮದುವೆ ಆಗುತ್ತದೆ. ರಥ ಏರಿ ಬಿಡ್ಕಿ ಬೈಲಿಗೆ ಬಂದು ಗದ್ದುಗೆಯಲ್ಲಿ ಕೂರುತ್ತಾಳೆ. ಹೆಂಗಸರು ಉಡಿ ತುಂಬುತ್ತಾರೆ. ಜಾತ್ರೆ ಮುಗಿದ ಮೇಲೆ ಯುಗಾದಿಗೆ ಮರುಪ್ರತಿಷ್ಠೆ ಆಗುವ ತನಕ ಗುಡಿಯಲ್ಲಿ ದೇವಿಯ ದರ್ಶನ ಇಲ್ಲ."

ಇದರಲ್ಲಿ ಒಂದೂ ಹೊಗಳಿಕೆಯ ಮಾತಿಲ್ಲ. ಆದರೂ ಜಾತ್ರೆ ಕಂಡವರಿಗೆ ಕೊನೆಯ ಸಾಲಿನಲ್ಲಿ ಎದೆ ತುಂಬಿಬರುತ್ತದೆ. ಕಾಣದವರಿಗೆ ಒಮ್ಮೆ ಹೋಗಿ ನೋಡಬೇಕು ಅನ್ನಿಸುತ್ತದೆ.

ಇನ್ನೊಂದು ಮಾತು. ಹಿಂದೆ ಈ ಜಾತ್ರೆಯಲ್ಲಿ ಕೋಣನ ಬಲಿ ಇತ್ತು. ಈಗ ಇಲ್ಲ. ಗಾಂಧೀಜಿ ಹರಿಜನ ಯಾತ್ರೆಯ ಕಾಲದಲ್ಲಿ, 1934ರಲ್ಲಿ, ಶಿರಸಿಗೆ ಬಂದದ್ದು ಈ ಬದಲಾವಣೆಗೆ ಪ್ರೇರಣೆ ಅನ್ನುತ್ತಾರೆ. ಊರು ತನ್ನ ಪೂಜೆಯ ಕ್ರಮವನ್ನೇ ಬದಲಿಸಿಕೊಂಡದ್ದು ಸಣ್ಣ ಸಂಗತಿಯಲ್ಲ. ದೇವಿಯ ಬಗ್ಗೆ ಬರೆಯುವವರು ಅದಕ್ಕೆ 2 ಪುಟ ಕೊಟ್ಟರೆ ನಾನು ಒಂದು ಅಕ್ಷರವನ್ನೂ ತೆಗೆಯುವುದಿಲ್ಲ. "ದಿವ್ಯ ಭವ್ಯ" ಅಂತ ಪುಟ ತುಂಬಿಸಿ ಇದನ್ನು ಬಿಟ್ಟಿದ್ದರೆ ಮಾತ್ರ ವಾಪಸ್ ಕಳಿಸುತ್ತೇನೆ.

ದೇವರ ವಿಷಯಕ್ಕೆ ಗಾಂಭೀರ್ಯ ಬೇಡ್ವಾ? ಪೇಟೆಯ ಮಾತಲ್ಲಿ ಬರೆದರೆ ಹಗುರ ಆಗಲ್ವಾ?

ಗಾಂಭೀರ್ಯ ಬೇಕೇ ಬೇಕು. ಅದು ವಿಷಯದಿಂದ ಬರುತ್ತದೆ.

ಗೋಕರ್ಣದ ಕಥೆ ನೋಡಿ. ರಾವಣ ಶಿವನಿಂದ ಆತ್ಮಲಿಂಗ ಪಡೆದು ಲಂಕೆಗೆ ಹೊರಟಿದ್ದಾನೆ. ದಾರಿಯಲ್ಲಿ ನೆಲಕ್ಕೆ ಇಡುವ ಹಾಗಿಲ್ಲ. ಇಲ್ಲಿಗೆ ಬರುವಾಗ ಸಂಜೆಯಾಯಿತು, ಸಂಧ್ಯಾವಂದನೆಯ ಹೊತ್ತು. ಹತ್ತಿರದಲ್ಲಿ ದನ ಕಾಯುವ ಹುಡುಗ ಒಬ್ಬ ಕಾಣುತ್ತಾನೆ. ಅವನ ಕೈಗೆ ಲಿಂಗ ಕೊಡುತ್ತಾನೆ. 3 ಸಲ ಕರೆಯುತ್ತೇನೆ, ಬರದಿದ್ದರೆ ಕೆಳಗಿಡುತ್ತೇನೆ ಅಂತಾನೆ ಹುಡುಗ. ಕರೆದ, ಇವನು ಬರಲಿಲ್ಲ, ಇಟ್ಟುಬಿಟ್ಟ. ಆ ಹುಡುಗ ಗಣಪತಿ. 10 ತಲೆಯ ರಾವಣ ಎಷ್ಟು ಎಳೆದರೂ ಲಿಂಗ ಏಳಲಿಲ್ಲ. ಸಿಟ್ಟಿನಲ್ಲಿ ಎಸೆದ ಲಿಂಗದ ಪೆಟ್ಟಿಗೆಯ ಚೂರು, ಮುಚ್ಚಳ, ಬಟ್ಟೆ, ದಾರ ಬಿದ್ದಲ್ಲೆಲ್ಲ ಕ್ಷೇತ್ರವಾಯಿತು ಅಂತ ನಮ್ಮ ಕರಾವಳಿಯ ನಂಬಿಕೆ. ಮುರುಡೇಶ್ವರ, ಧಾರೇಶ್ವರ, ಗುಣವಂತೆ, ಕಾರವಾರದ ಹತ್ತಿರದ ಶೇಜೇಶ್ವರ.

ಈ ಕಥೆಯ ಬಲವೆಲ್ಲ ಆ ದನ ಕಾಯುವ ಹುಡುಗನಲ್ಲಿದೆ. ಜಗತ್ತನ್ನೇ ಗೆದ್ದವನು ಒಬ್ಬ ಪೋರನ ಎದುರು ಸೋತ. ಎಷ್ಟೋ ಪುಸ್ತಿಕೆಗಳಲ್ಲಿ ಆ ಹುಡುಗನೇ ಕಾಣೆಯಾಗಿರುತ್ತಾನೆ. ಅವನ ಜಾಗದಲ್ಲಿ "ಬಾಲವಟುರೂಪಧಾರಿಯಾದ ವಿಘ್ನವಿನಾಶಕನು ಲೀಲಾವಿನೋದದಿಂದ" ಅಂತ ಶುರುವಾಗುತ್ತದೆ. ದನ ಇಲ್ಲ, ಸಂಜೆ ಇಲ್ಲ. ಓದುವ ಮಕ್ಕಳು 2ನೇ ಸಾಲಿಗೇ ಪುಟ ತಿರುಗಿಸುತ್ತಾರೆ. ಅಹಂಕಾರ ಸೋತ ಕಥೆಯನ್ನು ಹೇಳುವಾಗ ನಮ್ಮ ಭಾಷೆಯೇ ಬೀಗಿಕೊಂಡರೆ ಕಥೆ ಕೆಡುತ್ತದೆ.

ಹಾಗಾದ್ರೆ ಸಂಸ್ಕೃತದ ಶಬ್ದ ಬಳಸಲೇಬಾರದಾ?

ಯಾರು ಹೇಳಿದರು? ಅಭಿಷೇಕ ಅಭಿಷೇಕವೇ. ಸಂಧ್ಯಾವಂದನೆ, ಪ್ರತಿಷ್ಠೆ, ನೈವೇದ್ಯ, ಪ್ರದಕ್ಷಿಣೆ, ಇವೆಲ್ಲ ನಮ್ಮ ಮನೆಯ ಮಾತುಗಳೇ. ಅವನ್ನು ತೆಗೆದು ಹೊಸದಾಗಿ ಏನೋ ಕಟ್ಟಲು ಹೋದರೆ ಅದೂ ಒಂದು ಬಗೆಯ ಆಡಂಬರವೇ. ಶ್ಲೋಕ ಬೇಕಾದಲ್ಲಿ ಶ್ಲೋಕ ಹಾಕಿ, ಕೆಳಗೆ ಅರ್ಥ ಬರೆಯಿರಿ.

ನಮ್ಮ ಹತ್ತಿರದಲ್ಲೇ ಸೋದೆ ಇದೆ. ಅಲ್ಲಿ ವೃಂದಾವನಸ್ಥರಾದ ಮಾಧ್ವ ಯತಿ ವಾದಿರಾಜರು ಸಂಸ್ಕೃತದಲ್ಲಿ ದೊಡ್ಡ ವಾದಗ್ರಂಥ ಬರೆದವರು, ಕಾವ್ಯ ಬರೆದವರು. ಪಂಡಿತರ ಎದುರು ವಾದಕ್ಕೆ ಆ ಭಾಷೆ. ಅದೇ ಕೈಯಿಂದ ಕನ್ನಡದಲ್ಲಿ ಲಕ್ಷ್ಮೀಶೋಭಾನೆ ಬರೆದರು. ಮದುವೆ ಮನೆಯಲ್ಲಿ ಹೆಂಗಸರು ಇವತ್ತಿಗೂ ಅದನ್ನು ಬಾಯಿಪಾಠ ಹೇಳುತ್ತಾರೆ. ಎದುರಿಗೆ ಯಾರಿದ್ದಾರೆ ಅಂತ ನೋಡಿ ಅವರು ಭಾಷೆ ಆರಿಸಿದರು. ಅವರಷ್ಟು ಸಂಸ್ಕೃತ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಅವರೇ ಮದುವೆ ಮನೆಯವರಿಗೆ ಕನ್ನಡದಲ್ಲಿ ಬರೆದಿರುವಾಗ ಜಾತ್ರೆಯ ಕರಪತ್ರಕ್ಕೆ ನಾವು ಅಷ್ಟುದ್ದದ ಸಮಾಸ ಯಾಕೆ ಹುಡುಕಬೇಕು?

ಶಬ್ದ ಎಲ್ಲಿಂದ ಬಂತು ಅಂತ ನಾನು ನೋಡುವುದಿಲ್ಲ. ಅದು ಓದುವವರಿಗಾಗಿ ಅಲ್ಲಿದೆಯೋ, ಬರೆದವರಿಗಾಗಿ ಇದೆಯೋ ಅಂತ ನೋಡುತ್ತೇನೆ.

ಗಹನವಾದ ತತ್ವವನ್ನು ಸರಳ ಕನ್ನಡದಲ್ಲಿ ಹೇಳೋಕೆ ಆಗುತ್ತಾ?

ಕನ್ನಡಕ್ಕೆ ಅಷ್ಟು ಶಕ್ತಿ ಇಲ್ಲ ಅನ್ನುವ ಅನುಮಾನ ಹಳೆಯದು. ಅದಕ್ಕೆ ಉತ್ತರ ಕೊಟ್ಟವರೂ ನಮ್ಮ ಜಿಲ್ಲೆಯವರೇ. ಭಟ್ಕಳ ತಾಲೂಕಿನ ಹಾಡುವಳ್ಳಿಯ ಜೈನ ಮಠದ ಪರಂಪರೆಯಲ್ಲಿ ಬಂದ ಭಟ್ಟಾಕಳಂಕ 1604ರಲ್ಲಿ ಕನ್ನಡಕ್ಕೆ 592 ಸೂತ್ರಗಳ ವ್ಯಾಕರಣ ಬರೆದರು, ಅದೂ ಸಂಸ್ಕೃತದಲ್ಲಿ. ಕನ್ನಡ ಶಾಸ್ತ್ರಕ್ಕೆ ಆಗುವ ಭಾಷೆಯಲ್ಲ ಅನ್ನುವವರಿಗೆ ಅದರಲ್ಲೇ ಜವಾಬು ಕೊಟ್ಟರು. ಕನ್ನಡದಲ್ಲಿ ಆಗಲೇ ಇದ್ದ ದೊಡ್ಡ ಶಾಸ್ತ್ರಗ್ರಂಥಗಳನ್ನು ತೋರಿಸಿ, ಈ ಭಾಷೆ ಯಾವುದಕ್ಕೂ ಕಮ್ಮಿಯಿಲ್ಲ ಅಂದರು. ಪಂಡಿತರಿಗೆ ಪಂಡಿತರ ಭಾಷೆಯಲ್ಲೇ ಹೇಳಿದ್ದು ನನಗೆ ತುಂಬಾ ಇಷ್ಟ.

ಇನ್ನು ಉಳವಿ. ಜೋಯಿಡಾದ ಕಾಡಿನ ನಡುವೆ ಚನ್ನಬಸವಣ್ಣನವರ ಸಮಾಧಿ ಇದೆ. ಭರತ ಹುಣ್ಣಿಮೆಯ ಜಾತ್ರೆಗೆ ಬಯಲುಸೀಮೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬರುತ್ತಾರೆ. ಆ ಶರಣರು 12ನೇ ಶತಮಾನದಲ್ಲಿ ಅತಿ ಕಷ್ಟದ ತತ್ವವನ್ನು ಹೊಲ, ಮನೆ, ಅಂಗಡಿಯ ಮಾತಿನಲ್ಲಿ ಹೇಳಿದವರು. ಅಲ್ಲಮನ ವಚನ ಕೆಲವು ಕಡೆ ಅರ್ಥವಾಗುವುದಿಲ್ಲ, ನಿಜ. ಆದರೆ ಶಬ್ದಕೋಶ ತೆಗೆದರೆ ಬಗೆಹರಿಯುವ ಕಷ್ಟ ಅದಲ್ಲ. ಶಬ್ದವೆಲ್ಲ ಗೊತ್ತಿದ್ದೂ ಯೋಚನೆ ಮಾಡಬೇಕು. ಕಷ್ಟ ತತ್ವದಲ್ಲಿದ್ದರೆ ಓದುವವರು ಖುಷಿಯಿಂದ ಕಷ್ಟಪಡುತ್ತಾರೆ.

ನನ್ನ ಅನುಭವದಲ್ಲಿ ಮಾತು ಎಲ್ಲಿ ಜಾಸ್ತಿ ದಪ್ಪವಾಗುತ್ತದೋ ಅಲ್ಲಿ ಬರೆದವರಿಗೂ ವಿಷಯ ಪೂರ್ತಿ ತಿಳಿದಿರುವುದಿಲ್ಲ. "ಇಲ್ಲಿ ಏನು ಹೇಳಬೇಕು ಅಂತಿದ್ದೀರಿ?" ಅಂತ ಕೇಳಿದರೆ ಅವರು ಬಾಯಲ್ಲಿ ಚೆಂದವಾಗಿ ಹೇಳುತ್ತಾರೆ. ಅದನ್ನೇ ಬರೆಯಿರಿ ಅಂತೇನೆ.

ಸರಳವಾಗಿ ಬರೆದರೆ ನಾವು ಓದಿದವರಲ್ಲ ಅಂತ ಜನ ತಿಳ್ಕೊಳ್ಳಲ್ವಾ?

ಈ ಹೆದರಿಕೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಊರಲ್ಲಿ ಮೊದಲ ಸಲ ಬರೆಯುವವರಿಗೆ ಇದು ಇದ್ದೇ ಇರುತ್ತದೆ. ಮಾಸ್ತರರು ಓದುತ್ತಾರೆ, ಮಠದವರು ಓದುತ್ತಾರೆ, ಏನಂದುಕೊಂಡಾರೋ ಅಂತ.

ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರು ಶಾಲೆಗೆ ಹೋಗಿ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳನ್ನು ತಾಯಿಯಿಂದ ಕಲಿತು ಬದುಕಿಡೀ ಹಾಡಿದರು. 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಆ ಹಾಡುಗಳಲ್ಲಿ ದೇವರು ಗದ್ದೆ, ಮನೆ, ಮದುವೆಯ ನಡುವೆ ಓಡಾಡುತ್ತಾನೆ. ಹಾಡುವವರು ತಮ್ಮ ಬಗ್ಗೆ ಏನೂ ಹೇಳಿಕೊಳ್ಳುವುದಿಲ್ಲ. ಅವುಗಳಲ್ಲಿ ಭಕ್ತಿ ಕಮ್ಮಿ ಅಂತ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ.

ಓದುವವರ ಕಡೆಯಿಂದಲೂ ನೋಡಿ. ಅರ್ಥವಾಗದ ಬರಹ ಕೈಗೆ ಬಂದರೆ ಸಾಮಾನ್ಯ ಭಕ್ತರು ಬರೆದವರನ್ನು ಬೈಯುವುದಿಲ್ಲ. "ನಂಗೆಲ್ಲಿ ತಿಳೀಬೇಕು ಇದು" ಅಂತ ಪುಸ್ತಿಕೆಯನ್ನು ದೇವರ ಗೂಡಿನಲ್ಲಿ ಇಟ್ಟು ಕೈಮುಗಿಯುತ್ತಾರೆ. ನನಗೆ ಹೆಚ್ಚು ಬೇಸರ ಆಗುವುದು ಇದಕ್ಕೇ. ತಪ್ಪು ಬರಹದ್ದು, ಕಮ್ಮಿಯವರು ಅನ್ನಿಸಿಕೊಂಡದ್ದು ಓದಿದವರು. ದೇವರ ಹೆಸರಿನಲ್ಲಿ ಒಬ್ಬರನ್ನು ಹಾಗೆ ಕುಗ್ಗಿಸಬಾರದು.

ಯಕ್ಷಗಾನದಲ್ಲೂ ಭಾರೀ ಮಾತು ಇರುತ್ತದಲ್ವಾ? ಅದೂ ತಪ್ಪಾ?

ತಪ್ಪಲ್ಲ. ನನಗೆ ಅದು ಬಹಳ ಪ್ರೀತಿಯ ಭಾಷೆ. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಕಟ್ಟಿದ ಇಡಗುಂಜಿ ಮೇಳದ ಹೆಸರು ಕೇಳಿದರೆ ಹೊನ್ನಾವರ ಸೀಮೆಯವರ ಕಿವಿ ನೆಟ್ಟಗಾಗುತ್ತದೆ. ನಾವು ಕನ್ನಡದ ಸೊಗಸನ್ನು ಕಲಿತದ್ದೇ ಆಟ ನೋಡಿ, ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಲೆ ಕೇಳಿ.

ಆದರೆ ಅಲ್ಲಿ ಮಾತಾಡುವುದು ಪಾತ್ರ. ಕೌರವ ಜಂಬ ಕೊಚ್ಚಿದರೆ ಅದು ಕೌರವನ ಜಂಬ. ರಾವಣನ ಮಾತು ಆಕಾಶಕ್ಕೆ ಏರಬೇಕು, ಇಲ್ಲದಿದ್ದರೆ ಅವನು ರಾವಣನೇ ಅಲ್ಲ. ಪಾತ್ರದ ಮಾತಾಡುವ ಅರ್ಥಧಾರಿ ಎಷ್ಟೇ ದೊಡ್ಡ ಮಾತಾಡಿದರೂ ಎದುರು ಪಾತ್ರ ಕೂತಿರುತ್ತದೆ, ಅಲ್ಲೇ ಪ್ರಶ್ನೆ ಮಾಡುತ್ತದೆ, ತಿರುಗಿ ಹೇಳುತ್ತದೆ. ಹಾಸ್ಯಗಾರ ಬಂದು ಮನೆಮಾತಿನಲ್ಲಿ ನಾಲ್ಕು ಮಾತು ಆಡಿದರೆ ಎಲ್ಲ ನೆಲಕ್ಕೆ ಬರುತ್ತದೆ. ಕ್ಷೇತ್ರ ಮಹಾತ್ಮೆಯಲ್ಲಿ ಎದುರು ಪಾತ್ರ ಇಲ್ಲ, ಹಾಸ್ಯಗಾರ ಇಲ್ಲ. ದೊಡ್ಡ ಮಾತೆಲ್ಲ ಬರೆದವರ ಹೆಸರಿಗೇ ಹೋಗಿ ಅಂಟುತ್ತದೆ.

ಭಾಗವತರ ಮನೆಯವರು, ಮೇಳದವರು ಬರೆಯುವಾಗ ಈ ಧಾಟಿ ತಾನಾಗಿ ಬರುತ್ತದೆ. ಅವರಿಗೆ ನಾನು ಹೇಳುವುದು ಒಂದೇ. ಸಂಭಾಷಣೆ ಇದ್ದಲ್ಲಿ ಹಾಗೇ ಇರಲಿ, ರಾವಣನ ಬಾಯಲ್ಲಿ ಎಷ್ಟು ಬೇಕಾದರೂ ಹಾಕಿ. ನಿಮ್ಮ ಸ್ವಂತ ಮಾತಿಗೆ ಬಂದಾಗ ವೇಷ ಕಳಚಿ ಬರೆಯಿರಿ.

ಮಠದ ಬಿರುದಾವಳಿ ಕೂಡ ಬಿಡಬೇಕಾ?

ಬೇಡ. ಅದು ಪೀಠಕ್ಕೆ ಪರಂಪರೆಯಿಂದ ಬಂದದ್ದು, ವ್ಯಕ್ತಿ ತಾನೇ ಇಟ್ಟುಕೊಂಡದ್ದಲ್ಲ. ಆಮಂತ್ರಣದಲ್ಲಿ, ಸಂದೇಶದ ತಲೆಯಲ್ಲಿ ಒಮ್ಮೆ ಪೂರ್ತಿ ಹಾಕಿ. ಒಳಗೆ ಪ್ರತಿ ಪ್ಯಾರಾದಲ್ಲೂ ಬೇಡ, "ಶ್ರೀಗಳು" ಸಾಕು. ಸಮಿತಿಯವರು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ "ಧರ್ಮರತ್ನ", "ಭಕ್ತಿಭಾಸ್ಕರ" ಅಂಥ ಬಿರುದುಗಳನ್ನು ಮಾತ್ರ ನಾನು ಹಾಕುವುದಿಲ್ಲ.

"ಅಲ್ಪಮತಿಯಾದ ನಾನು", "ಈ ಪಾಮರ" ಅಂತ ಬರೆಯೋದು ವಿನಯ ಅಲ್ವಾ?

ಒಂದು ಸಲ ಬರೆದರೆ ವಿನಯ. ಮುನ್ನುಡಿಯಲ್ಲಿ, ಮಧ್ಯದಲ್ಲಿ, ಕೊನೆಯಲ್ಲಿ, ಫೋಟೋದ ಕೆಳಗೆ ಎಲ್ಲ ಕಡೆ ಬಂದರೆ ಅದು ಮತ್ತೆ ನನ್ನನ್ನೇ ನೋಡಿ ಅನ್ನುವ ಮಾತು. ನಾನು ಎಷ್ಟು ದೊಡ್ಡವನು ಅಂತ ಹೇಳಿದರೂ, ಎಷ್ಟು ಸಣ್ಣವನು ಅಂತ ಹೇಳಿದರೂ ವಿಷಯ ನಾನೇ ಆದೆ. ಇದನ್ನು ಹಿಡಿಯುವುದು ಕಷ್ಟ, ಯಾಕೆಂದರೆ ಬರೆದವರ ಮನಸ್ಸಿನಲ್ಲಿ ಕಪಟ ಇರುವುದಿಲ್ಲ. ಎಲ್ಲರೂ ಹಾಗೆ ಬರೆಯುತ್ತಾರೆ, ಇವರೂ ಬರೆದರು.

ನಮ್ಮ ಹಿರಿಯ ಕವಿಗಳು ಇದನ್ನು ಚೆನ್ನಾಗಿ ತಿಳಿದಿದ್ದರು. ಕುಮಾರವ್ಯಾಸ ಗದುಗಿನ ವೀರನಾರಾಯಣನೇ ಕವಿ, ನಾನು ಬರೀ ಬರೆದುಕೊಳ್ಳುವವನು ಅಂದ. ಅದೇ ಕವಿ ತನ್ನ ಕೈಯ ಬಗ್ಗೆ ಹೆಮ್ಮೆಯ ಮಾತನ್ನೂ ಆಡಿದ್ದಾನೆ, ಬರೆದ ಪದವನ್ನು ಅಳಿಸದವನು ನಾನು ಅಂತ. ಎರಡೂ ನಿಜ, ಎರಡನ್ನೂ ಹೇಳಿ ಮುಗಿಸಿದ. ಆಮೇಲೆ ಕಥೆ ಶುರುವಾದರೆ ಅವನ ಸುದ್ದಿಯೇ ಇಲ್ಲ. ಭೀಮ ಇದ್ದಾನೆ, ದ್ರೌಪದಿ ಇದ್ದಾಳೆ, ಕೃಷ್ಣ ಇದ್ದಾನೆ.

ಅಂಕಿತದ ಪದ್ಧತಿಯನ್ನು ಇನ್ನೂ ಹತ್ತಿರದಿಂದ ನೋಡಬೇಕು. ವಾದಿರಾಜರ ಹಾಡು ಮುಗಿಯುವಲ್ಲಿ ಇರುವುದು ಹಯವದನನ ಹೆಸರು. ಅಲ್ಲಮನ ವಚನದಲ್ಲಿ ಗುಹೇಶ್ವರ. ಕನಕದಾಸರ ಹಾಡಿನಲ್ಲಿ ಕಾಗಿನೆಲೆಯ ಆದಿಕೇಶವ. ಬರೆದವರು ಸಹಿ ಹಾಕಬೇಕಾದ ಜಾಗವನ್ನು ದೇವರಿಗೆ ಬಿಟ್ಟುಕೊಟ್ಟರು. ಬಸವಣ್ಣ ಬಿಜ್ಜಳನ ಭಂಡಾರ ನೋಡಿಕೊಂಡವನು, ಅಧಿಕಾರ ಕಂಡವನು. "ಎನಗಿಂತ ಕಿರಿಯರಿಲ್ಲ" ಅಂದ, ಅದೇ ಉಸಿರಿನಲ್ಲಿ "ಶಿವಭಕ್ತರಿಗಿಂತ ಹಿರಿಯರಿಲ್ಲ" ಅಂದ. ಆ ಎರಡನೇ ಅರ್ಧ ಮುಖ್ಯ. ತನ್ನನ್ನು ಸಣ್ಣದು ಮಾಡಿ ಅಲ್ಲೇ ನಿಲ್ಲಲಿಲ್ಲ, ಎದುರಿಗಿರುವವರನ್ನು ಎತ್ತಿದ. "ಪಾಮರನಾದ ನಾನು" ಅಂತ ಬರೆಯುವವರ ಮುಂದಿನ ಸಾಲಿನಲ್ಲಿ ನಾನು ಅದನ್ನೇ ಹುಡುಕುತ್ತೇನೆ. ಹೆಚ್ಚಿನ ಸಲ ಇರುವುದಿಲ್ಲ.

ದೇವರೇ ಪ್ರೇರಣೆ ಕೊಟ್ಟು ಬರೆಸಿದ್ದು ಅಂತ ಹಾಕಬಹುದಾ?

ನಿಮಗೆ ಹಾಗೆ ಅನ್ನಿಸಿದ್ದರೆ ಅದನ್ನು ಅನುಮಾನಿಸುವ ಹಕ್ಕು ನನಗಿಲ್ಲ. ಮುನ್ನುಡಿಯಲ್ಲಿ ಒಂದು ಸಾಲು ಬರೆಯಿರಿ.

ಆದರೆ ಆ ಮಾತಿನಿಂದ ಆಗುವ ಕೆಲಸವನ್ನು ಗಮನಿಸಿ. ದೇವರು ಬರೆಸಿದ್ದು ಅಂದಮೇಲೆ ತಿದ್ದುವ ಹಾಗಿಲ್ಲ. ಇಸವಿ ತಪ್ಪಿದ್ದರೂ ಕೇಳುವ ಹಾಗಿಲ್ಲ. ಕನಸಿನಲ್ಲಿ ದೇವಿ ಬಂದು ಇಂಥವರ ಹೆಸರೇ ಹೇಳಿದಳು ಅಂತ ಬರೆದರೆ ಊರಿನ ಉಳಿದವರು ಏನು ಮಾಡಬೇಕು? ಇಂಥ ಒಂದು ಸಾಲಿನಿಂದ ಸಮಿತಿಯೇ ಎರಡಾದದ್ದನ್ನು ನೋಡಿದ್ದೇನೆ. ಅದಕ್ಕೇ ನಾನು ಒಂದು ನಿಯಮ ಇಟ್ಟುಕೊಂಡಿದ್ದೇನೆ. ಪ್ರೇರಣೆಯ ಮಾತು ಬರೆದವರ ಜವಾಬ್ದಾರಿಯನ್ನು ಜಾಸ್ತಿ ಮಾಡಿದರೆ ಇರಲಿ, ಕಮ್ಮಿ ಮಾಡಿದರೆ ತೆಗೆಯಿರಿ ಅಂತೇನೆ. ಒಬ್ಬ ಅರ್ಚಕರು ಬರೆದಿದ್ದರು: ದೇವರ ಕೆಲಸ ಅಂತ ಪ್ರತಿ ಇಸವಿಯನ್ನೂ ಹಳೆ ಕಡತದಲ್ಲಿ ಎರಡೆರಡು ಸಲ ನೋಡಿದ್ದೇನೆ. ಅಂಥ ಪ್ರೇರಣೆಗೆ ನಾನು ತಲೆಬಾಗುತ್ತೇನೆ.

ಸಾಧನೆ ಮಾಡಿದವರು ಬರೆದರೂ ಹೀಗೆ ಅಹಂಕಾರ ನುಸುಳುತ್ತಾ?

ಅವರಿಗೇ ಅಪಾಯ ಜಾಸ್ತಿ. ದುಡ್ಡು, ಜಮೀನಿನ ಹೆಮ್ಮೆ ಎದ್ದು ಕಾಣುತ್ತದೆ. ಎಲ್ಲ ಬಿಟ್ಟೆ ಅನ್ನುವ ಹೆಮ್ಮೆ ಕಾಣುವುದಿಲ್ಲ.

ಕಾರವಾರದ ಕಡಲ ತೀರಕ್ಕೆ ರವೀಂದ್ರನಾಥ ಠಾಗೋರರ ಹೆಸರಿದೆಯಲ್ಲ, ಅದಕ್ಕೆ ಕಾರಣ ಇದೆ. 1880ರ ದಶಕದ ಮೊದಲಲ್ಲಿ, ಅವರು ಇನ್ನೂ ಇಪ್ಪತ್ತು ದಾಟಿದ ಹುಡುಗ, ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದು ಇಲ್ಲಿದ್ದರು. ಅಣ್ಣ ಆಗ ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರು. ಇಲ್ಲಿದ್ದಾಗ ಬರೆದ "ಪ್ರಕೃತಿರ್ ಪ್ರತಿಶೋಧ" ನಾಟಕ 1884ರಲ್ಲಿ ಪುಸ್ತಕವಾಯಿತು. ಅದರ ನಾಯಕ ಒಬ್ಬ ಸಂನ್ಯಾಸಿ. ಎಲ್ಲ ಬಂಧನ ಕಡಿದು ಪ್ರಕೃತಿಯನ್ನೇ ಗೆದ್ದೆ ಅಂದುಕೊಂಡವನು. ಅವನನ್ನು ಮತ್ತೆ ಮನುಷ್ಯರ ನಡುವೆ ತಂದದ್ದು ದಿಕ್ಕಿಲ್ಲದ ಒಂದು ಪುಟ್ಟ ಹುಡುಗಿಯ ಪ್ರೀತಿ. ದೊಡ್ಡದು ಸಣ್ಣದರಲ್ಲೇ ಇದೆ, ಕೊನೆಯಿಲ್ಲದ್ದು ಕೊನೆಯಿರುವುದರಲ್ಲೇ ಸಿಗುತ್ತದೆ ಅನ್ನುವುದು ಆ ನಾಟಕದ ಜೀವ.

ಗೋಕರ್ಣದ ಕಥೆಯಲ್ಲಿ ಒಬ್ಬ ಹುಡುಗ, ಇಲ್ಲಿ ಒಬ್ಬಳು ಹುಡುಗಿ. ಸಾಧನೆಯ ಬಗ್ಗೆ ಬರೆಯುವ ಹಿರಿಯರಿಗೆ ನಾನು ಇದನ್ನು ಹೇಳುತ್ತಿರುತ್ತೇನೆ. ನಿಮ್ಮ ಬರಹದಲ್ಲಿ ನಿಮ್ಮನ್ನು ಬಿಟ್ಟು ಇನ್ನೊಬ್ಬರು ಇದ್ದಾರಾ? ಅಡುಗೆ ಮಾಡಿ ಹಾಕಿದವರು, ತಪ್ಪು ತೋರಿಸಿದವರು, ನೀವು ಸಿಟ್ಟು ಮಾಡಿಕೊಂಡವರು? ಒಬ್ಬರೂ ಇಲ್ಲದೆ ನೀವು, ದೇವರು ಇಬ್ಬರೇ ಇದ್ದರೆ ಇನ್ನೊಮ್ಮೆ ಬರೆಯಬೇಕಾಗುತ್ತದೆ.

ಎನರ್ಜಿ, ವೈಬ್ರೇಶನ್, ಕಂಪನ ಅಂತ ಬರೆದರೆ ಹೊಸ ತಲೆಮಾರಿಗೆ ಹಿಡಿಸುತ್ತದಲ್ವಾ?

ಹಿಡಿಸುವುದಿಲ್ಲ. ಕಾಲೇಜಿಗೆ ಹೋಗುವ ಮಕ್ಕಳಿಗೆ ಆ ಶಬ್ದಗಳ ನಿಜವಾದ ಅರ್ಥ ಗೊತ್ತು, ಅವರೇ ಮೊದಲು ಪುಸ್ತಿಕೆ ಕೆಳಗಿಡುತ್ತಾರೆ. ಅಳೆಯದೆ ಅಳೆದ ಹಾಗೆ ಮಾತಾಡುವುದು ಸುಳ್ಳು. ಗರ್ಭಗುಡಿಯ ಎದುರು ನಿಂತಾಗ ಮನಸ್ಸು ತಣ್ಣಗಾಯಿತು ಅಂತ ಬರೆಯಿರಿ. ಅದಕ್ಕೆ ಸಾಕ್ಷಿ ಕೇಳುವವರು ಯಾರೂ ಇಲ್ಲ. ಗುಡಿ 5000 ವರ್ಷ ಹಳೆಯದು ಅನ್ನುವ ಮಾತಿಗೂ ಇದೇ ಉತ್ತರ. ಶಾಸನ ಇದ್ದರೆ ಹಾಕಿ. ಇಲ್ಲದಿದ್ದರೆ "ಹಿರಿಯರು ಹೇಳುವ ಪ್ರಕಾರ" ಅಂತ ಬರೆದರೆ ಗುಡಿಯ ಮರ್ಯಾದೆಗೆ ಏನೂ ಕಮ್ಮಿಯಾಗುವುದಿಲ್ಲ.

ಇದು ಹಿಂದೂ ಬರಹಗಳ ಸಮಸ್ಯೆ ಮಾತ್ರವಾ?

ಅಲ್ಲ. ಇಗರ್ಜಿಯ ಹಬ್ಬದ ಸಂಚಿಕೆ, ದರ್ಗಾದ ಉರುಸಿನ ಕರಪತ್ರ, ಬಸದಿಯ ಪಂಚಕಲ್ಯಾಣದ ಆಮಂತ್ರಣ, ಕೊಂಕಣಿಯಲ್ಲಿ ಬರೆದು ಕನ್ನಡಕ್ಕೆ ತಂದದ್ದು, ಎಲ್ಲದರಲ್ಲೂ ಇದೇ ರೋಗ, ಇದೇ ಮದ್ದು.

ಊರಿನ ಹಿರಿಯರು ಬರೆದುಕೊಟ್ಟರೆ ತಿದ್ದೋದು ಹೇಗೆ? ಬೇಜಾರು ಮಾಡ್ಕೊಳ್ತಾರಲ್ವಾ?

ಮಾಡಿಕೊಳ್ಳುತ್ತಾರೆ. ಅದಕ್ಕೆ ಕೆಂಪು ಶಾಯಿ ಹಚ್ಚಿ ಕಳಿಸಬೇಡಿ. ಎದುರು ಕೂತು ಮಾತಾಡಿ.

ನಾನು ಹೀಗೆ ಕೇಳುತ್ತೇನೆ: "ಹೆಗಡೇರೇ, ಈ ಪ್ಯಾರಾವನ್ನ ನಮ್ಮ ಆಯಿಗೆ ಓದಿ ಹೇಳಿದೆ ಅಂತಿಟ್ಕೊಳ್ಳಿ. ಅವರು ಯಾವ ಸಾಲಿಗೆ ಹೌದು ಅಂತ ತಲೆ ಆಡಿಸ್ತಾರೆ?" ಅವರು ಕನ್ನಡಕ ಹಾಕಿಕೊಂಡು ಓದುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಅವರೇ ಒಂದು ಸಾಲಿನ ಮೇಲೆ ಬೆರಳಿಡುತ್ತಾರೆ. ಒಮ್ಮೆ ಹೀಗೆ ಬೆರಳಿಟ್ಟದ್ದು ಈ ಸಾಲಿಗೆ: "ಮಳೆಗಾಲದಲ್ಲಿ ಹೊಳೆ ದಾಟಲಾಗದೆ ಭಟ್ಟರು ಆಚೆ ದಡದಿಂದಲೇ ಆರತಿ ಎತ್ತುತ್ತಿದ್ದರು." ಪುಟದ ತುಂಬ ಇದ್ದ ಸಮಾಸಗಳ ನಡುವೆ ಅದೊಂದೇ ಅವರು ಕಣ್ಣಾರೆ ಕಂಡದ್ದು. ಅದನ್ನು ಮೊದಲಿಗೆ ತಂದೆವು. ಹೊಳೆ ಎಷ್ಟು ಅಗಲ, ಯಾವ ಭಟ್ಟರು, ಸಂಕ (ಕಾಲುಸೇತುವೆ) ಬಂದದ್ದು ಯಾವಾಗ ಅಂತ ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಸಮಾಸಗಳನ್ನು ತೆಗೆಯಿರಿ ಅಂತ ನಾನು ಹೇಳಲೇ ಇಲ್ಲ. ಜಾಗ ಸಾಲದೆ ಅವರೇ ತೆಗೆದರು.

ಯಾರನ್ನೂ ಎಲ್ಲರ ಎದುರು ತಿದ್ದಬೇಡಿ. ಮೀಟಿಂಗಿನಲ್ಲಿ ಓದಿ ನಗುವುದಂತೂ ಬೇಡವೇ ಬೇಡ. ಬರೆದವರ ಭಕ್ತಿ ನಿಜವಾದದ್ದು, ಕೆಟ್ಟಿರುವುದು ಅಭ್ಯಾಸ ಮಾತ್ರ.

ಬರೆದು ಮುಗಿದ ಮೇಲೆ ನಾವೇ ಹೇಗೆ ನೋಡಿಕೊಳ್ಳೋದು?

ಜೋರಾಗಿ ಓದಿ. ಎಲ್ಲಿ ಉಸಿರು ಕಟ್ಟುತ್ತದೋ ಅಲ್ಲಿ ವಾಕ್ಯ ಮುರಿಯಿರಿ. ಆಮೇಲೆ ಊರಿನ ಹೆಸರು ಮುಚ್ಚಿ ಓದಿ, ನಿಮ್ಮೂರು ಅಂತ ಗುರುತು ಸಿಗದಿದ್ದರೆ ಬರೆದದ್ದು ಸಾಲದು. "ನಾನು", "ನನ್ನ" ಎಷ್ಟಿವೆ ಅಂತ ಗೆರೆ ಎಳೆದು ನೋಡಿ. ವಿಶೇಷಣ ಜೋಡಿಯಾಗಿ ಬಂದಲ್ಲಿ ಒಂದನ್ನು ತೆಗೆಯಿರಿ, ಆಮೇಲೆ ಇನ್ನೊಂದನ್ನೂ ತೆಗೆಯಬಹುದಾ ನೋಡಿ.

ದಾನಿಗಳ ಹೆಸರು, ಅಧ್ಯಕ್ಷರ ಫೋಟೋ ಹಾಕಲೇಬೇಕಲ್ವಾ?

ಹಾಕಿ. ಕೊಟ್ಟವರ ಹೆಸರು ಬರೆಯುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ. ಬನವಾಸಿಯ ಮಧುಕೇಶ್ವರ ಗುಡಿಯಲ್ಲಿ ಹೆಡೆ ಎತ್ತಿದ ನಾಗನ ಕಲ್ಲು ಇದೆ. ಅದು ಕದಂಬರಿಗಿಂತ ಮೊದಲಿನ ಚುಟು ಅರಸರ ಕಾಲದ್ದು. ಅದರ ಮೇಲೆ ಪ್ರಾಕೃತದಲ್ಲಿ ಬರೆದಿದೆ. ಯಾವ ರಾಜನ ಕಾಲ, ಕೊಟ್ಟದ್ದು ಯಾರು, ನಾಗ, ಕೆರೆ, ವಿಹಾರ ಹೀಗೆ ಕೊಟ್ಟದ್ದು ಏನು. ಕೊನೆಗೆ ಕೆತ್ತಿದವನ ಹೆಸರೂ ಇದೆ, ನಟಕ ಅಂತ.

ನಿಮ್ಮ ಪಟ್ಟಿಯನ್ನೂ ಹಾಗೇ ಮಾಡಿ. ಹೆಸರು, ಊರು, ಕೊಟ್ಟದ್ದು. "ಉದಾರಹೃದಯಿ", "ಕೊಡುಗೈ ದಾನಿ" ಬೇಡ, ಪಟ್ಟಿಯಲ್ಲಿರುವುದೇ ಆ ಮಾತನ್ನು ಹೇಳುತ್ತದೆ. ಅಧ್ಯಕ್ಷರ ಫೋಟೋ ದೇವರ ಫೋಟೋಗಿಂತ ಸಣ್ಣದಿರಲಿ. ಇನ್ನು ಪಾಗಾರದ ಕಲ್ಲು ಕಟ್ಟಿದವರು, ರಥದ ಗಾಲಿ ಮಾಡಿದ ಆಚಾರಿಗಳು, ಅನ್ನಸಂತರ್ಪಣೆಗೆ ಒಲೆ ಮುಂದೆ ನಿಂತವರು, ಇವರ ಹೆಸರು ಹೆಚ್ಚಿನ ಸಂಚಿಕೆಗಳಲ್ಲಿ ಬಿಟ್ಟುಹೋಗಿರುತ್ತದೆ. ಕರಡು ತರುವಾಗ ಅವರ ಹೆಸರುಗಳನ್ನು ಕೇಳಿ ಸರಿಯಾಗಿ ಬರೆದುಕೊಂಡು ಬನ್ನಿ. ಮುನ್ನುಡಿಯನ್ನು ಅರ್ಧ ಪುಟ ಕಮ್ಮಿ ಮಾಡಿ ಅವಕ್ಕೆ ಜಾಗ ಮಾಡಿಕೊಡುತ್ತೇನೆ.